ಕರೆಮ್ಮನ ಮುಲಾಮು

"ಎಷ್ಟನೇ ದಿನಕ್ಕೆ ಗುರುತಿಸಿದಿರಿ?" ಎಂದು ಹೈದರಾಬಾದಿನಿಂದ ಬಂದ ಹಿರಿಯ ಡಾಕ್ಟರು ಎರಡನೇ ಸಲ ಕೇಳಿದಾಗಲೂ ಹೊನ್ನೂರಪ್ಪ ಸ್ಟೆತಾಸ್ಕೋಪಿನ ನಳಿಗೆಯನ್ನು ಬೆರಳಿಗೆ ಸುತ್ತುತ್ತಲೇ ಇದ್ದ.

ಹಿರಿಯರು ಬಂದದ್ದು ತಾವೇ ಕೊಟ್ಟ ತರಬೇತಿಯನ್ನು ಒರೆಗೆ ಹಚ್ಚಲು. ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಅಪರೂಪದ ಕ್ಯಾನ್ಸರುಗಳನ್ನು ಸಣ್ಣ ಊರಿನ ಡಾಕ್ಟರರೂ ಗುರುತು ಹಿಡಿಯಲಿ ಎಂದು ಎಂಟು ದಿನ ಪಾಠ ಮಾಡಿದ್ದರು. ಆ ಎಂಟು ದಿನ ಸಾಕಾಯಿತೇ, ಇನ್ನೇನು ಕಲಿಸಬೇಕು ಎಂದು ಈಗ ಊರೂರು ತಿರುಗುತ್ತಿದ್ದರು. ಸಿಂಧನೂರಿನಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಹೊನ್ನೂರಪ್ಪ, ಹಿರಿಯರು ಮೊದಲೇ ಕಳಿಸಿದ್ದ ಕಾಗದದಲ್ಲಿ, ಒಬ್ಬಳು ಸಿಕ್ಕಳು, ಕೂಡಲೇ ಕಳಿಸಿದೆ ಎಂದು ತುಂಬಿದ್ದ. ಕೂಡಲೇ ಅಂತೆ! ಬರೆಯುವಾಗ ಕೈಯೂ ನಡುಗಲಿಲ್ಲ ಪುಣ್ಯಾತ್ಮನಿಗೆ.

ಆ ಒಬ್ಬಳು ಪಾಮನಕಲ್ಲೂರಿನ ಕರೆಮ್ಮ. ಕಾಲುವೆ ನೀರು ಬಂದಾಗಿನಿಂದ ಗೊರೇಬಾಳದ ಗದ್ದೆಗಳಲ್ಲೇ ಗುಡಿಸಲು ಹಾಕಿಕೊಂಡು ನಾಟಿ ಹಚ್ಚುತ್ತಿದ್ದಳು. ದಿನವಿಡೀ ಬಗ್ಗಿ ಮಾಡುವ ಕೆಲಸ. ಸೀರೆ ಜಾರದ ಹಾಗೆ ಬಿಗಿದ ಗಂಟು ವರ್ಷಗಟ್ಟಲೆ ಸೊಂಟದ ಒಂದೇ ಜಾಗವನ್ನು ತಿಕ್ಕಿ ತಿಕ್ಕಿ, ಅಲ್ಲೊಂದು ಹುಣ್ಣು ಎದ್ದಿತ್ತು.

ಹೊನ್ನೂರಪ್ಪನ ದವಾಖಾನೆಯಲ್ಲಿ ಡಾಕ್ಟರು ಹೆಂಗಸರ ಮೈ ನೋಡುವ ರೂಢಿ ಇರಲಿಲ್ಲ. ಪರದೆಯ ಆಚೆ ನರ್ಸ್ ಕರೀಮಾಬಿ ನೋಡಿ ಹೇಳುವುದು, ಈಚೆ ಇವನು ಕೂತು ಮದ್ದು ಬರೆಯುವುದು. ಮರ್ಯಾದಸ್ಥ ಡಾಕ್ಟರ್ ಎಂದು ಮಸ್ಕಿಯವರೆಗೂ ಹೆಸರಾದದ್ದು ಅದರಿಂದಲೇ. ಕರೀಮಾಬಿ ತಿಕ್ಕಿದ ಗಾಯ ಅಂದಳು, ಇವನು ಮುಲಾಮು ಬರೆದ. ಹಾಗೆ ಐದು ತಿಂಗಳು ಬರೆದ. ಮಾಯದ ಹುಣ್ಣು ಕ್ಯಾನ್ಸರಾಗಿರಬಹುದು, ನಿಮ್ಮ ಕಣ್ಣಿಂದಲೇ ನೋಡಿ ಎಂದು ತರಬೇತಿಯಲ್ಲಿ, ಇಂಥದೇ ಗಂಟಿನ ಹುಣ್ಣಿನ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟು ಹೇಳಿಕೊಟ್ಟವರು ಈ ಹಿರಿಯರೇ. ಆರನೇ ತಿಂಗಳು ಹೊನ್ನೂರಪ್ಪ ಪರದೆ ಸರಿಸುವ ಹೊತ್ತಿಗೆ ರೋಗ ಹರಡಿ ಅವಳ ತೊಡೆಸಂದಿಯಲ್ಲಿ ಗಡ್ಡೆಯಾಗಿತ್ತು. ಹೈದರಾಬಾದಿನಲ್ಲಿ ಕೊಯ್ದು ಕಳಿಸಿದರು. ಈಗ ಅದು ಮತ್ತೆ ಎದ್ದಿತ್ತು.

ಹಿರಿಯರು ರೋಗಿಯನ್ನೇ ಕೇಳುತ್ತೇನೆ ಎಂದರು. ಹೇಳಿಕಳಿಸಿದ ಮೇಲೆ ಕರೆಮ್ಮ ತನ್ನ ಜೊತೆ ನಾಟಿ ಹಚ್ಚುವ ಮಾರೆಮ್ಮನನ್ನೂ ಕರೆದುಕೊಂಡು ಬಂದಳು. ಇದು ಕೆಟ್ಟ ಹುಣ್ಣು, ಹೈದರಾಬಾದಿಗೆ ಹೋಗು ಎಂದು ಡಾಕ್ಟರು ಯಾವಾಗ ಹೇಳಿದರು ಎಂದು ಹಿರಿಯರು ಕೇಳಿದರು. ಅವಳು ಮೊದಲು ಹೊನ್ನೂರಪ್ಪನ ಮುಖ ನೋಡಿದಳು.

"ಮೊದಲ್ನೇ ದಿನಾನ ಹೇಳ್ಯಾರ್ರೀ. ನಾಟಿ ಬಿಟ್ಟು ಹೆಂಗ ಹೋಗ್ಲಿ ಅಂತ ನಾನ ಸುಮ್ನ ಕುಂತೀನಿ."

ಹಿರಿಯರು ತಲೆದೂಗುತ್ತ ಬರೆದುಕೊಂಡರು: ರೋಗಿಯ ಅಸಡ್ಡೆ, ತರಬೇತಿಯಲ್ಲಿ ಕೊರತೆಯಿಲ್ಲ. ಅಲ್ಲ ಎನ್ನಲು ಹೊನ್ನೂರಪ್ಪ ಬಾಯಿ ತೆರೆದ. ಆದರೆ ಆ ಬಾಯಿಂದ ಬಂದದ್ದು, ಚಹಾ ತರಿಸಲೇನು ಸರ್ ಎಂಬ ಮಾತು. ಥೂ, ನಾನೂ ಒಬ್ಬ ಡಾಕ್ಟರೇ ಎಂದು ಅವನಿಗೇ ಅವನ ಮೇಲೆ ಹೇಸಿಗೆ ಹುಟ್ಟಿತು. ಹಿರಿಯರು ಚಹಾ ಒಲ್ಲೆನೆಂದು, ಲಿಂಗಸುಗೂರು ದೂರವಿದೆ ಎಂದು ಎದ್ದು ಹೊರಟರು.

ಅವರು ಹೊಸ್ತಿಲು ದಾಟಿದ ಮೇಲೆ ಕರೆಮ್ಮ ದನಿ ತಗ್ಗಿಸಿದಳು.

"ನಾ ಬರೋಬ್ಬರಿ ಹೇಳೀನಿಲ್ರೀ?"

ಅವನಿಗೆ ತಲೆ ಎತ್ತಲಾಗಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ನೆಲ ನೋಡುತ್ತಲೇ ಕೇಳಿದ.

"ನಿಮ್ಮ ಮ್ಯಾಲ ತಪ್ಪು ಬಂದ್ರ ದವಾಖಾನಿ ಮುಚ್ಚಸ್ತಾರಂತ್ರೀ. ನಂದಂತೂ ಆತು. ಮುಚ್ಚಿದ್ರ ಈಕೀನ್ನ ಯಾರು ನೋಡ್ತಾರ?"

ಅವಳು ಮಾರೆಮ್ಮನ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದಳು. ಮಾರೆಮ್ಮ ಯಾರೂ ಹೇಳದಿದ್ದರೂ ಸೀದಾ ಪರದೆಯ ಆಚೆ ಹೋದಳು. ಕರೀಮಾಬಿ ಹಿಂದೆ ಹೋಗಿ ನೋಡಿ, ಅಲ್ಲಿಂದಲೇ ಎಂದಿನ ದನಿಯಲ್ಲಿ ಹೇಳಿದಳು, "ತಿಕ್ಕಿದ ಗಾಯ ಐತ್ರೀ ಸಾಹೇಬ್ರ."

ಹೊರಗೆ ಜೀಪು ಸುರುವಾಯಿತು. ಹೊನ್ನೂರಪ್ಪ ಬಾಗಿಲಿಗೆ ಓಡಿ, ಸರ್, ಇಳಿದು ಬರ್ರಿ, ನಾನು ಬರೆದದ್ದು ಸುಳ್ಳು ಎಂದು ಕೂಗಿದ. ತಿರುಗಿ ಬಂದು, ಎಷ್ಟು ದಿನ ಆಯಿತು, ಏನು ಹಚ್ಚುತ್ತಿ ಎಂದು ಮಾರೆಮ್ಮನನ್ನು ಕೇಳಿದ.

"ಐದು ತಿಂಗಳಾತ್ರೀ," ಎಂದಿತು ಪರದೆಯ ಆಚೆಯ ದನಿ. "ಕರೆಮ್ಮಗ ಕೊಟ್ಟಿದ್ರಲ್ರೀ, ಉಳಿದಿದ್ದ ಆ ಮುಲಾಮ ಹಚ್ಚಾಕತ್ತೀನಿ."

ಅವನು ಪರದೆಯ ಅಂಚು ಹಿಡಿದ. ಅವನ ಬೆನ್ನ ಹಿಂದೆ, ಅಂಗಳದಲ್ಲಿ, ಜೀಪಿನ ಎಂಜಿನ್ ನಿಂತಿತು.