ಸೆನ್‌ಬಿಯ ಬಲಗಣ್ಣು

ಜಾಲಿ ಅಂಟು ಕರಗುವ ವಾಸನೆ, ಎಪ್ಪತ್ತು ದಿನವಾದ ಮೇಲೆ ಮತ್ತೆ ಈ ಮನೆಯಲ್ಲಿ, ಆದರೆ ಒಲೆಯ ಮುಂದೆ ಕೂತ ಬೆನ್ನು ಸೆನ್‌ಬಿಯದಲ್ಲ, ಅಗಲ ಬೆನ್ನು, ಬೋಳು ತಲೆ, ಕಿವಿಯ ಹಿಂದೆ ಸಿಕ್ಕಿಸಿದ ಜೊಂಡಿನ ಕುಂಚ — ಇತಿಬಿ, ನನ್ನ ಗಂಡ ಸೆನ್‌ಬಿಯ ವೈರಿ, ಇಪ್ಪತ್ತು ವರ್ಷ ನಮ್ಮ ಹೊಸ್ತಿಲು ತುಳಿಯದವನು, ಇವತ್ತು ನಾನೇ ಹೇಳಿಕಳಿಸಿ ಕರೆಸಿಕೊಂಡೆ, ಕರೆಸದೆ ಏನು ಮಾಡಲಿ, ಅಂಗಳದಲ್ಲಿ ಹೆಣ ಒಯ್ಯುವ ಜಾರುಬಂಡಿಗೆ ಎತ್ತು ಕಟ್ಟಿಯಾಗಿದೆ, ಬಿಸಿಲು ಬಲಿಯುವ ಮುಂಚೆ ಬೆಟ್ಟದ ಗೋರಿ ಸೇರಬೇಕು, ಒಳಕೋಣೆಯಲ್ಲಿ ಸೆನ್‌ಬಿ ಎಪ್ಪತ್ತು ದಿನ ಉಪ್ಪಿನಲ್ಲಿ ಒಣಗಿಸಿದ ಮೈಗೆ ನಾರುಬಟ್ಟೆ ಸುತ್ತಿಸಿಕೊಂಡು ಮಲಗಿದ್ದಾನೆ, ಹೆಣಕ್ಕೆ ತೊಡಿಸಬೇಕಾದ ಅವನ ಮುಖವಾಡ ಇಲ್ಲಿ ಇತಿಬಿಯ ತೊಡೆಯ ಮೇಲೆ, ಕಣ್ಣಿಲ್ಲದೆ. ಎಂಥ ಮುಖ ಮಾಡಿಕೊಂಡು ಹೋದ ನನ್ನ ಗಂಡ, ಬಟ್ಟೆಯ ಮೇಲೆ ಬಟ್ಟೆ ಅಂಟಿಸಿದವಳು ನಾನು, ಗಾರೆ ಬಳಿದು ನುಣುಪುಗಲ್ಲಿನಲ್ಲಿ ತಿಕ್ಕಿದವಳು ನಾನು, ಆದರೆ ಆ ಹಳದಿ, ದೇವರ ಮೈಯ ಹಳದಿ, ಅದು ಅವನ ಕೈಯದು, ಮೂರು ಸಲ ತೆಳ್ಳಗೆ ಬಳಿದು ಒಳಗಿನಿಂದ ಬೆಳಗುವ ಹಾಗೆ, ನೀಲಿ ಕೂದಲು ಹೊಳೆಯ ನೀರಿನಂತೆ ಹೆಗಲಿಗೆ ಇಳಿದಿದೆ, ಎದೆಯ ಮೇಲೆ ಮಣಿಸರದ ಏಳು ಸಾಲು, ಒಂದು ಮಣಿ ಇನ್ನೊಂದಕ್ಕೆ ತಗುಲಿಲ್ಲ. ಕಣ್ಣಿರಬೇಕಾದಲ್ಲಿ ಎರಡು ಬಿಳಿ ಮಚ್ಚೆ. ಕಣ್ಣು ನಾಳೆ ಮಾಡೋಣ ಮೆರೆರು, ಇವತ್ತು ಯಾಕೋ ಮೈ ಬಿಸಿ ಅಂದ ನನಗೆ, ಮಾರನೆಯ ದಿನ ಜ್ವರ, ಅದರ ಮಾರನೆಯ ದಿನ ಅವನಿಲ್ಲ. ಕುರುಡು ಮುಖ ಹೊತ್ತು ಹೋದರೆ ಸತ್ತವರಿಗೆ ದಾರಿ ತೆರೆಯುವ ನರಿದೇವರನ್ನು ಹೇಗೆ ಗುರುತಿಸುತ್ತಾನೆ.

ಊರಲ್ಲಿ ಬೇರೆ ಯಾರೂ ಸಿಗಲಿಲ್ವೇನೆ ನಿನಗೆ, ಬಾಗಿಲಲ್ಲಿ ಇಪಿ ಅತ್ತಿಗೆ, ಸೆನ್‌ಬಿಯ ಅಕ್ಕ, ನನ್ನ ತಮ್ಮ ಇವನ ನೆರಳು ಕಂಡ್ರೆ ಉಗೀತಿದ್ದ. ಇತಿಬಿ ತಿರುಗಲೂ ಇಲ್ಲ, ಉಗಿದದ್ದೂ ಉಂಟು ಅಕ್ಕಾ, ಗುರಿ ಮಾತ್ರ ಸರಿ ಇರ್ಲಿಲ್ಲ. ನಗು ಬಂತು ನನಗೆ, ಇಂಥ ದಿನ, ಸೂತಕಕ್ಕೆ ತಲೆಗೆ ಮಣ್ಣು ಹಾಕಿಕೊಂಡವಳಿಗೆ ನಗು — ಬೇರೆ ಯಾರು ಸಿಗಬೇಕಿತ್ತು ಅತ್ತಿಗೆ, ನಮ್ಮ ಈ ಸಿಯೂತ್ ಊರಿನಲ್ಲಿ ಸತ್ತವರಿಗೆ ಕಣ್ಣು ಕೊಡುವ ಕೈ ಇದ್ದದ್ದೇ ಎರಡು. ಊರ ಒಡೆಯರ ತಾಯಿ ತೀರಿಕೊಂಡಾಗ ಇಬ್ಬರ ಮುಖವಾಡವನ್ನೂ ಚಾಪೆಯ ಮೇಲೆ ಇಟ್ಟು ನೋಡಿದರು, ಇತಿಬಿಯದನ್ನು ಆರಿಸಿದರು, ಆವತ್ತು ಬಿಯರು ಕುಡಿಯುವ ಮನೆಯಲ್ಲಿ ಸೆನ್‌ಬಿ ಎದ್ದು ನಿಂತು, ಇವನು ಬರೆದ ಹೆಣಗಳೆಲ್ಲ ಹಾಲು ಕರೆಯೋ ಹೊತ್ತಿಗೆ ಕಾಯೋ ಕರುಗಳ ಹಾಗೆ ನೋಡ್ತವೆ ಅಂದ, ಊರೇ ನಕ್ಕಿತು, ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು.

ಈಗ ಕುಂಚದ ತುದಿ ಕಚ್ಚಿ ಮೆದು ಮಾಡುತ್ತಿದ್ದಾನೆ, ಮಸಿಯಲ್ಲಿ ಅದ್ದಿದ, ಉಸಿರು ಹಿಡಿದ, ನಾನೂ ಹಿಡಿದೆ, ಎಡಗಣ್ಣಿನ ಮೇಲಿನ ಗೆರೆ ಒಂದೇ ಎಳೆತಕ್ಕೆ ಬಂತು, ನಡುಗಲಿಲ್ಲ, ಅರವತ್ತು ದಾಟಿದ ಕೈ, ಕೆಳಗಿನ ಗೆರೆ, ಮೂಗಿನ ಕಡೆ ಇಳಿಯುವಾಗ ಮುಗಿಸಬೇಕಿತ್ತು, ಮುಗಿಸಲಿಲ್ಲ, ಇನ್ನೂ ಇಳಿಸಿದ, ಗುಬ್ಬಿಯ ಉಗುರಿನಷ್ಟು ಉದ್ದ — ಅಯ್ಯೋ ಅದು ಸೆನ್‌ಬಿಯ ಗೆರೆ. ಇದು ನಿನ್ನ ಗೆರೆ ಅಲ್ವಲ್ಲ ಇತಿಬಿಯಣ್ಣ ಅಂದೆ. ಅವನ ಮುಖದ ಮೇಲೆ ನನ್ನ ಗೆರೆ ಎಳೆಯೋಕೆ ನನಗೇನು ಹುಚ್ಚಾ ತಂಗಿ. ಎಲ್ಲಿ ಕಲಿತೆ ಅಂತ ಕೇಳಿದೆ. ಇತಿಬಿಯ ಕತ್ತು ಕೆಂಪಾಯಿತು, ಸೆನ್‌ಬಿ ಮುಖ ಮಾಡಿದ ಒಂದೊಂದು ಹೆಣದ ಹಿಂದೇನೂ ಬೆಟ್ಟ ಹತ್ತಿದೀನಿ, ನೆಂಟನ ಹಾಗೆ, ಪೆಟ್ಟಿಗೆ ಮುಚ್ಚೋ ತನಕ ನೋಡ್ತಾ ನಿಲ್ತಿದ್ದೆ, ಯಾರಾದ್ರೂ ಕೇಳಿದ್ರೆ ಅಂತ ಜೋರಾಗಿ ಅತ್ತೂ ಬಿಡ್ತಿದ್ದೆ. ಇಪ್ಪತ್ತು ವರ್ಷ, ಗುರುತಿಲ್ಲದವರ ಹೆಣಗಳಿಗೆ ಅಳುತ್ತಾ, ನನ್ನ ಗಂಡನ ಗೆರೆಗಾಗಿ, ಅವನಿಗೆ ಗೊತ್ತಾಗಿದ್ದರೆ ಕಳ್ಳಾ ಅಂತ ಬೈಯುತ್ತಿದ್ದ, ಆಮೇಲೆ ಮೂಲೆಯಲ್ಲಿ ಕೂತು ಒಬ್ಬನೇ ನಗುತ್ತಿದ್ದ.

ಎಡಗಣ್ಣು ಮುಗಿಯಿತು, ನೋಡುತ್ತಿದೆ, ಬಲಗಣ್ಣಿನ ಅಂಚು ಎಳೆದ, ಕುಂಚ ಎತ್ತಿದ, ಕೆಳಗಿಟ್ಟ. ಆಗಲ್ಲ ತಂಗಿ. ಎಡಗಣ್ಣು ಕದ್ದೆ, ಅವನ ಬಲಗಣ್ಣು ಮಾತ್ರ ಸಿಗಲೇ ಇಲ್ಲ, ಹತ್ತು ವರ್ಷದಿಂದ ಅದು ಬೇರೆ ಥರ, ಕರಿ ಗುಡ್ಡೆ ಒಂದು ಕೂದಲೆಳೆ ಮೇಲಕ್ಕೆ, ಯಾರನ್ನೋ ಈಗಷ್ಟೇ ಕಂಡು ಎದ್ದ ಹಾಗೆ, ಮನೇಲಿ ಸಾವಿರ ಸಲ ಬರೆದು ನೋಡಿದೀನಿ, ನನ್ನಿಂದ ಆಗಲ್ಲ. ಹತ್ತು ವರ್ಷ, ಹೌದು, ಸೆನ್‌ಬಿಯ ಕಣ್ಣಿಗೆ ಪೊರೆ ಬಂದು ಹತ್ತು ವರ್ಷ, ಬರೆಯುವ ಮುಖದ ಬಲಬದಿ ಅವನಿಗೆ ಕಾಣುತ್ತಿರಲಿಲ್ಲ, ಬಾಗಿಲು ಹಾಕು ಮೆರೆರು ಅಂದು ಕುಂಚ ನನ್ನ ಕೈಗೆ ಕೊಟ್ಟ, ಅಂದಿನಿಂದ ಪ್ರತಿ ಮುಖದ ಬಲಗಣ್ಣು ನನ್ನದು. ಯಾರಿಗೂ ಹೇಳಲಿಲ್ಲ, ಈ ಎಪ್ಪತ್ತು ದಿನದಲ್ಲಿ ಮೂರು ಸಲ ಕುಂಚ ಹಿಡಿದು ಕೂತು ಎದ್ದೆ, ನಾನೇ ಬರೆದರೆ ಊರು ಕೇಳುತ್ತದೆ, ಹಾಗಾದರೆ ಅವನದೇನು ಇತ್ತು ಅಂತ, ಸತ್ತವನಿಗೆ ಹೆಸರೂ ಹೋದರೆ ಉಳಿಯುವುದೇನು, ಅದಕ್ಕೇ ಇವನನ್ನು ಕರೆಸಿದ್ದು.

ಇತಿಬಿ ನನ್ನ ಕೈ ನೋಡುತ್ತಿದ್ದಾನೆ, ಉಗುರ ಸಂದಿಯಲ್ಲಿ ಇಂಗಿದ ಹಳೆ ಮಸಿ, ಮುಖ ನೋಡಿದ, ಮತ್ತೆ ಕೈ. ಮುಖವಾಡವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ತೊಡೆಯ ಮೇಲಿಟ್ಟ, ಕುಂಚ ಕೊಟ್ಟ, ಮಂಡಿಯೂರಿ ಸ್ವಲ್ಪ ಹಿಂದೆ ಸರಿದು ಕೂತ, ಗುಡಿಯಲ್ಲಿ ಕೂತ ಹಾಗೆ. ಬಾಗಿಲಲ್ಲಿ ಅತ್ತಿಗೆ ಇದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ, ಕೂಗುತ್ತಾಳೆ, ಈಗ ಕೂಗುತ್ತಾಳೆ — ಅವಳು ಅಂಗಳದಲ್ಲಿ ಕಾಯುತ್ತಿದ್ದ ಹೊರುವವರ ಕಡೆ ತಿರುಗಿ ಬಾಗಿಲಿಗೆ ಅಡ್ಡ ನಿಂತಳು, ಯಾಕ್ರೋ ಅವಸರ, ತಡೀರಿ, ಇತಿಬಿ ಕಣ್ಣು ಬರೀತಿದಾನೆ. ಉಸಿರು ಹಿಡಿದೆ. ಒಂದು ಕೂದಲೆಳೆ ಮೇಲಕ್ಕೆ. ಇಟ್ಟೆ. ಕರಿ ಚುಕ್ಕೆ, ಹಸಿ ಚುಕ್ಕೆ, ಹೊಳೆಯುತ್ತಿದೆ, ಒಣಗಲಿ ಅಂತ ಊದಬೇಕು, ಊದಲಾರೆ, ಬೆಳಕು ಅದರೊಳಗೆ ನಿಂತಿದೆ, ಹಸಿ, ಇನ್ನೂ ಹಸಿ, ನನ್ನನ್ನು ಕಂಡಿತು —