ಬಂಡೆಯ ಮೇಲಿಂದ ತೆಗೆದ ಹರಿಗೋಲು

ಹೈದರಸಾಬ ಕ್ಯಾಮೆರಾ ಇಲ್ಲದೆ ಫೋಟೋದ ಕೆಲಸಕ್ಕೆ ಹೊರಟಿದ್ದನ್ನು ಕಂಡು ಗಾಡಿಯ ದೊಡ್ಡಬಸಪ್ಪನಿಗೆ ಆ ಮನುಷ್ಯನ ತಲೆಯ ಬಗ್ಗೆಯೇ ಅನುಮಾನ ಬಂತು.

೧೯೪೧ರ ಚಳಿಗಾಲ. ಕೊಪ್ಪಳದ ಸ್ಟೇಶನ್ ರಸ್ತೆಯಲ್ಲಿ ಹೈದರಸಾಬನದೊಂದು ಸಣ್ಣ ಸ್ಟುಡಿಯೋ ಇತ್ತು. ಹೈದರಾಬಾದಿನ ಪ್ರದರ್ಶನವೊಂದಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹನ್ನೆರಡು ಚಿತ್ರ ಬೇಕೆಂದು ಅಲ್ಲಿಂದ ಬಂದಿದ್ದ ಅಧಿಕಾರಿಯೊಬ್ಬರು ಅವನಿಗೆ ಹೇಳಿ ಹೋಗಿದ್ದರು. ಮಾದರಿಗೆಂದು ಒಂದು ಹಳೆಯ ಆಲ್ಬಂ ಬಿಟ್ಟಿದ್ದರು. ಯುದ್ಧದ ಕಾಲ, ಫೋಟೋದ ಗಾಜಿನ ಪ್ಲೇಟು ಸಿಗುವುದೇ ಕಷ್ಟ. ಎಷ್ಟು ಹುಡುಕಿದರೂ ದೊರೆತದ್ದು ಒಂದೇ ಡಜನ್. ಒಂದು ಕೆಟ್ಟರೆ ಒಂದು ಚಿತ್ರ ಕಡಿಮೆ.

"ಪೆಟ್ಟಿಗಿ ಮನ್ಯಾಗ ಬಿಟ್ಟು ಬಂದೀರಲ್ರಿ ಸಾಬ್ರ," ಅಂದ ದೊಡ್ಡಬಸಪ್ಪ.

"ಈ ಸಲ ಬರೇ ನೋಡಿ ಬರೋಣು, ಬಸಪ್ಪ. ನೋಡಾಕ ಪ್ಲೇಟು ಖರ್ಚಾಗೂದಿಲ್ಲ."

ಹತ್ತು ದಿನ ತಿರುಗಿದರು. ಹೈದರಸಾಬನ ಕೈಯಲ್ಲಿ ನಡುವೆ ಚೌಕ ಕೊರೆದ ಒಂದು ರಟ್ಟು. ಅದನ್ನು ಕಣ್ಣಿಗೆ ಹಿಡಿದು ನೋಡುವನು, ನಾಲ್ಕು ಹೆಜ್ಜೆ ಹಿಂದೆ ಸರಿಯುವನು, ಕೂತು ನೋಡುವನು, ಆಮೇಲೆ ಪುಸ್ತಕದಲ್ಲಿ ಬರೆದುಕೊಳ್ಳುವನು. ಇಟಗಿಯ ಗುಡಿಯ ಮುಂದೆ ಬೆಳಗಿನಿಂದ ಬೈಗಿನವರೆಗೆ ಕೂತು, ಯಾವ ಹೊತ್ತಿಗೆ ಯಾವ ಕಂಬದ ಮೇಲೆ ಬಿಸಿಲು ಬೀಳುತ್ತದೆಂದು ಗುರುತು ಮಾಡಿಕೊಂಡ. ಮೊದಲೆರಡು ದಿನ ದೊಡ್ಡಬಸಪ್ಪ ಗಾಡಿಯ ಕೆಳಗೆ ನಿದ್ದೆ ಹೊಡೆದ. ಕುಕನೂರು ದಾಟಿ ಯಲಬುರ್ಗಾ ಮುಟ್ಟುವ ಹೊತ್ತಿಗೆ ಅವನೇ ಎತ್ತು ನಿಲ್ಲಿಸಿ, "ಈ ಗ್ವಾಡಿಗೆ ಮುಂಜಾನಿ ಬಿಸಲು ಬರಂಗಿಲ್ರಿ, ಹೊತ್ತು ಇಳಿದ ಮ್ಯಾಲ ಬರಬೇಕು," ಎನ್ನತೊಡಗಿದ್ದ.

ಮನೆಗೆ ಬಂದು ಪಟ್ಟಿಯನ್ನು ಹೆಂಡತಿ ಸರ್ದಾರಬೀಯ ಮುಂದಿಟ್ಟ. ಕತ್ತಲೆಕೋಣೆಯಲ್ಲಿ ಪ್ಲೇಟು ತೊಳೆದು ಚಿತ್ರ ಮೂಡಿಸುವವಳು ಅವಳೇ. ಗಂಡನ ಒಂದೊಂದು ತಪ್ಪೂ ಮೊದಲು ಅವಳ ಕಣ್ಣಿಗೇ ಬೀಳುತ್ತಿತ್ತು. ಅವಳು ಪಟ್ಟಿ ಓದಿದಳು, ಅಧಿಕಾರಿಯ ಆಲ್ಬಂ ತೆರೆದು ಪಕ್ಕದಲ್ಲಿಟ್ಟಳು.

"ಒಂದು ಹರಿಗೋಲು ಬಿಟ್ರ ಇದರಾಗ ಗುಡಿ, ಕ್ವಾಟಿ, ಬಾಗಲಾ. ನಿಮ್ಮದರಾಗೂ ಗುಡಿ, ಕ್ವಾಟಿ, ಬಾಗಲಾ. ಬಿಸಲು ಛಲೋ ಹಿಡದೀರಿ, ಖರೆ. ಆದ್ರ ಈ ಸೀಮ್ಯಾಗ ಮಂದಿ ಇಲ್ಲೇನ್ರಿ?"

ಹೈದರಸಾಬ ಪಟ್ಟಿಯಲ್ಲಿ ಆರು ಹೆಸರು ಹೊಡೆದುಹಾಕಿದ. "ಹಂಗಾರ ನೀನೂ ಗಾಡಿ ಹತ್ತು," ಅಂದ.

ಎರಡನೆಯ ಸಲ ಹೊರಟಾಗ ಸರ್ದಾರಬೀ ಜೊತೆಗಿದ್ದಳು. ಇಟಗಿಯ ಗುಡಿ ಬೇಕೇ ಬೇಕಿತ್ತು, ತೆಗೆದರು. ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ಕಂಬಳಿ ನೇಯುವವರ ಅಂಗಳ, ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಹಚ್ಚುವ ಮುದುಕ, ಯಲಬುರ್ಗಾದ ಹೊಲದಲ್ಲಿ ಜೋಳದ ಬೆಳೆ ಕಾಯುವ ಅಟ್ಟ. ಎಲ್ಲಿ ಯಾವಾಗ ಬಿಸಿಲು ಬೀಳುತ್ತದೆಂದು ಮೊದಲ ಸುತ್ತಿನಲ್ಲೇ ತಿಳಿದುಕೊಂಡಿದ್ದರಿಂದ ಹನ್ನೊಂದು ಪ್ಲೇಟಿನಲ್ಲಿ ಒಂದೂ ವ್ಯರ್ಥವಾಗಲಿಲ್ಲ.

ಕೊನೆಯದನ್ನು ಅವನು ಆನೆಗೊಂದಿಯ ಹೊಳೆಗೆಂದು ಉಳಿಸಿಕೊಂಡಿದ್ದ. ಹರಿಗೋಲಿನ ಫೋಟೋ ಆಲ್ಬಂನಲ್ಲೂ ಇತ್ತು, ದಂಡೆಯಿಂದ ತೆಗೆದದ್ದು. ಹೈದರಸಾಬ ಮೊದಲ ಸುತ್ತಿನಲ್ಲಿ ನೀರಿನ ಮೇಲೆ ಚಾಚಿದ್ದ ಬಂಡೆಯೊಂದನ್ನು ಹತ್ತಿ ನೋಡಿದ್ದ. ಅಲ್ಲಿಂದ ಕೆಳಗೆ ನೋಡಿದರೆ ಹರಿಗೋಲು ಪೂರಾ ದುಂಡಗೆ ಕಾಣುತ್ತಿತ್ತು. ಹರಿಗೋಲು ಸದಾ ತಿರುಗುತ್ತಲೇ ಇರುತ್ತದೆ. ಆದರೆ ಸೆಳವಿಗೆ ಇಳಿಯುವ ಮುನ್ನ ಅಂಬಿಗ ಆ ಬಂಡೆಯ ಬುಡಕ್ಕೆ ಕೋಲು ಊರಿ ಒಂದು ಉಸಿರಿನಷ್ಟು ಹೊತ್ತು ಅದನ್ನು ತಡೆದು ನಿಲ್ಲಿಸುತ್ತಿದ್ದ. ಫೋಟೋಕ್ಕೆ ಅಷ್ಟು ಸಾಕಿತ್ತು.

ಸಂತೆಯ ದಿನ ಬೆಳಿಗ್ಗೆ ದೊಡ್ಡಬಸಪ್ಪ ಕ್ಯಾಮೆರಾ ಹೊತ್ತು ಬಂಡೆ ಹತ್ತಿಸಿದ. ಮೊದಲನೆಯ ಹರಿಗೋಲು ಬಂತು. ಮೇಲೆ ಕ್ಯಾಮೆರಾ ಕಂಡ ಕೂಡಲೇ ಹೆಂಗಸರು ಸೆರಗು ಎಳೆದುಕೊಂಡರು, ಗಂಡಸರು ಮೀಸೆ ತಿದ್ದಿ ಸೆಟೆದು ನಿಂತರು. ಹೈದರಸಾಬ ಪ್ಲೇಟು ಮುಟ್ಟಲಿಲ್ಲ. ಎರಡನೆಯದರಲ್ಲೂ ಅದೇ ಕತೆ.

ಸರ್ದಾರಬೀ ಸುಮ್ಮನೆ ಇಳಿದುಹೋಗಿ ಮೂರನೆಯ ಹರಿಗೋಲು ಹತ್ತಿದಳು. ಅದರಲ್ಲಿ ತುಂಬ ಹೆಂಗಸರೇ. ಪಕ್ಕದಲ್ಲಿ ಹುಲಿಗವ್ವ ಎಂಬ ಕಾಯಿಪಲ್ಲೆ ಮಾರುವವಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಅಲ್ಲಿ ಮ್ಯಾಲ ನಿಂತಾಂವ ಯಾರವ್ವ?" ಕೇಳಿದಳು ಹುಲಿಗವ್ವ.

"ನಮ್ಮ ಮನಿಯವರು. ಅವರ ಕಡಿ ನೋಡಬ್ಯಾಡ, ಎಲಿ ಹಾಕ್ಕೋ ಬಾ," ಎಂದು ಸರ್ದಾರಬೀ ತನ್ನ ಎಲೆಯಡಿಕೆಯ ಸಂಚಿ ಬಿಚ್ಚಿ ನಡುವೆ ಹಿಡಿದಳು.

ಅಂಬಿಗ ಕೋಲು ಊರಿದ. ಎಲ್ಲರೂ ಸಂಚಿಯ ಕಡೆ ಬಾಗಿದರು. ಅದೇ ಹೊತ್ತಿಗೆ ಹೈದರಸಾಬ ಗುಂಡಿ ಒತ್ತಿದ್ದ.

ಊರಿಗೆ ಮರಳುವ ದಾರಿಯುದ್ದಕ್ಕೂ ಅವನ ಮುಖ ಸಪ್ಪಗಿತ್ತು. "ಮಾರಿ ಒಂದೂ ಬಂದಿಲ್ಲ. ಎಲ್ಲಾರೂ ತೆಳಗ ನೋಡಿದ್ರು. ಕಡೀ ಪ್ಲೇಟು ಹೋತು." ಸರ್ದಾರಬೀಗೂ ಕಸಿವಿಸಿ. ಆ ಹೆಂಗಸರು ಕ್ಯಾಮೆರಾ ಮರೆಯಲಿ ಎಂದಷ್ಟೇ ಅವಳು ಬಯಸಿದ್ದಳು.

ಮನೆಯಲ್ಲಿ ಅವಳೇ ಅದನ್ನು ತೊಳೆದಳು. ಒಣಗಿದ ಮೇಲೆ ಕಾಗದಕ್ಕೆ ಇಳಿಸಿ, ಗಂಡನನ್ನು ಕರೆದಳು. ಕಪ್ಪು ನೀರಿನ ನಡುವೆ ಒಂದು ದುಂಡನೆಯ ಹರಿಗೋಲು. ಅಂಚಿಗೆ ಸುತ್ತಲೂ ಸೆರಗು ಹೊದ್ದ ಒಂಬತ್ತು ತಲೆಗಳು. ಒಂದೊಂದರಿಂದಲೂ ಬಳೆ ತೊಟ್ಟ ಒಂದೊಂದು ಕೈ ಚಾಚಿ, ಒಂಬತ್ತೂ ನಡುವೆ ಬಂದು ಕೂಡಿದ್ದವು. ಗಾಲಿಯ ಅರಗಳು ನಡುವಿನ ಗುಂಬಕ್ಕೆ ಸೇರುವ ಹಾಗೆ. ಹೈದರಸಾಬ ಅದನ್ನು ಕೆಳಗಿಡಲೇ ಇಲ್ಲ. ದೊಡ್ಡಬಸಪ್ಪನನ್ನು ಕರೆಸಿ ತೋರಿಸಿದರು. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದು ನೋಡಿದ. "ಎಷ್ಟೋ ಸಲ ನೋಡಿದ ಹರಿಗೋಲ್ರಿ ಇದು. ನಾ ಒಮ್ಮಿನೂ ನೋಡಿಲ್ಲ," ಅಂದ.

ಅಧಿಕಾರಿ ಬಂದಾಗ ಮೊದಲು ಕೋಟೆಯ ಹೆಬ್ಬಾಗಿಲಿನ ಚಿತ್ರ ಎಲ್ಲಿ ಎಂದು ಕೇಳಿದರು. ಅದು ಅವರ ಆಲ್ಬಂನಲ್ಲಿ ಆಗಲೇ ಇದೆಯೆಂದು ಹೈದರಸಾಬ ವಿನಯದಿಂದ ಹೇಳಿದ. ಅವರು ಮುಖ ಗಂಟಿಕ್ಕಿ ಒಂದೊಂದೇ ಚಿತ್ರ ಮಗುಚುತ್ತ ಹೋದರು, ಹನ್ನೆರಡನೆಯದಕ್ಕೆ ನಿಂತರು. ಚಹಾ ಆರಿಹೋಯಿತು. "ಇದನ್ನು ಮೊದಲು ತೂಗುಹಾಕಿಸುತ್ತೇನೆ. ಹಿಂದೆ ಯಾರ ಹೆಸರು ಬರೆಯಲಿ?"

"ಜಾಗ, ಹೊತ್ತು ನನ್ನದು. ಚಿತ್ರ ನಮ್ಮ ಮನಿಯಾಕಿದು. ಎರಡೂ ಹೆಸರು ಬರೀರಿ," ಅಂದ ಹೈದರಸಾಬ. ಪರದೆಯ ಹಿಂದೆ ಸರ್ದಾರಬೀ ತನ್ನ ಹೆಸರು ಹೇಗೆ ಬರೆಯಬೇಕೆಂದು ಅಕ್ಷರ ಅಕ್ಷರವಾಗಿ ಹೇಳಿದಳು.

ಬೇಸಿಗೆಗೆ ಮುನ್ನ ಗಂಡಹೆಂಡತಿ ಒಂದು ಪ್ರತಿ ಹಿಡಿದು ಆನೆಗೊಂದಿಗೆ ಹೋದರು. ಹೆಂಗಸರು ದಂಡೆಯ ಮೇಲೆ ಮುತ್ತಿಕೊಂಡರು. ಮುಖವಿಲ್ಲದ ಆ ಚಿತ್ರದಲ್ಲಿ ಒಬ್ಬೊಬ್ಬರೂ ತಮ್ಮ ಬಳೆ, ತಮ್ಮ ಹಚ್ಚೆ ನೋಡಿ ಕೈ ಗುರುತು ಹಿಡಿದರು. ಹುಲಿಗವ್ವ ತನ್ನ ಸೊಟ್ಟ ಕಿರುಬೆರಳಿನ ಮೇಲೆ ಬೆರಳಿಟ್ಟು, "ಇದು ನಂದವ್ವ," ಅಂದಳು. ಆಮೇಲೆ ಅದನ್ನು ಗಂಡನಿಗೆ ತೋರಿಸಲು ಮನೆಗೆ ಒಯ್ದಳು.