ಅಕ್ಕ ತೊಳೆಯದ ನಾಣ್ಯ

ನಮ್ಮ ಅಕ್ಕ ಲೆನೋರ್‌ಗೆ ಉಜ್ಜುವ ಹುಚ್ಚು ಇದ್ದದ್ದು ನಿಜ. ವೂಸ್ಟರ್ ಊರಿನ ಅವಳ ಮನೆಯಲ್ಲಿ ಬಾಗಿಲ ಹಿಡಿ, ಚಮಚ, ಎಲ್ಲದರಲ್ಲೂ ಮುಖ ಕಾಣಬೇಕು. ಆದರೆ ಭಾವ ವೆಂಡೆಲ್‌ನ ನಾಣ್ಯಗಳ ತಂಟೆಗೆ ಹೋದವಳಲ್ಲ. ಹಳೇ ನಾಣ್ಯ ಉಜ್ಜಿದರೆ ಹಾಳಾಗುತ್ತದೆ ಎಂದು ಮದುವೆಯ ಹೊಸದರಲ್ಲೇ ಅವನು ಹೇಳಿದ್ದ.

ತನ್ನ ತಾತನಿಂದ ಬಂದ ೧೮೮೪ರ ಬೆಳ್ಳಿ ಡಾಲರೊಂದನ್ನು ಭಾವ ಕೊನೆಗೂ ದರ್ಜೆ ಹಾಕುವ ಕಂಪನಿಗೆ ಕಳಿಸಿದ. ಅವರು ಪರೀಕ್ಷೆ ಮಾಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರ ಮಾಡಿ ಕಳಿಸುತ್ತಾರೆ. ನಾಣ್ಯ ಬಂತು, ಅಂಕ ಬರಲಿಲ್ಲ. ಒಳಗಿನ ಚೀಟಿಯಲ್ಲಿ "ಉಜ್ಜಿ ತೊಳೆದದ್ದು" ಎಂದಿತ್ತು. ಅಂಥದ್ದಕ್ಕೆ ಅವರು ಅಂಕ ಕೊಡುವುದಿಲ್ಲವಂತೆ.

ಭಾವ ಚೀಟಿ ಓದಿದ. ಆಮೇಲೆ ಅಕ್ಕನ ಮುಖ ನೋಡಿದ.

"ನನ್ನನ್ಯಾಕೆ ನೋಡ್ತೀಯಾ?"

"ಯಾವತ್ತಾದ್ರೂ ಗೊತ್ತಿಲ್ದೆ, ಚಮಚಗಳ ಜೊತೆ ಸೇರ್ಕೊಂಡು..."

"ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ!"

"ಆಯ್ತು ಬಿಡು. ನಾನೇನು ಬೈದ್ನಾ?"

ಅವಳಿಗೆ ಉರಿ ಹತ್ತಿದ್ದೇ ಆ "ಬಿಡು"ಗೆ. ಮಾಡದ ತಪ್ಪಿಗೆ ಕ್ಷಮೆ ಬೇರೆ!

ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ನಮ್ಮೂರ ನಾಣ್ಯ ಸಂಘಕ್ಕೂ ಸುದ್ದಿ ಮುಟ್ಟಿತು. ಅಕ್ಕ ಕೇಕ್ ಹಿಡಿದು ಒಳಗೆ ಬರುತ್ತಿದ್ದಂತೆ ಅಧ್ಯಕ್ಷ ಡೆಲ್ಬರ್ಟ್, "ಜೇಬು ಭದ್ರ ಕಣ್ರಪ್ಪಾ, ಲೆನೋರ್ ಬಂದ್ಲು, ತೊಳೆದುಬಿಟ್ಟಾಳು!" ಅಂತ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವನೂ ನಕ್ಕ.

ಮರುದಿನ ಅವಳು ಡಬ್ಬಿ ಹಿಡಿದು ನನ್ನ ಮನೆಗೆ ಬಂದಳು.

"ಕೋರಾ, ಸುತ್ತಿಗೆ ಕೊಡೇ."

"ಏನ್ ಮಾಡ್ತೀಯಕ್ಕಾ?"

"ಇದನ್ನ ಒಡೆದು, ನಾಣ್ಯನ ಅದೇ ಕಂಪನಿಗೆ ನಿನ್ನ ಹೆಸರಲ್ಲಿ ಕಳಿಸೋಣ. ಏನಂತಾರೋ ನೋಡ್ತೀನಿ."

"ಭಾವಂಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅಂತಾನೇ ಮಾಡ್ತಿರೋದು."

ಟವೆಲ್ಲಿನಲ್ಲಿ ಸುತ್ತಿ ಒಂದೇಟು ಕೊಟ್ಟಳು. ಡಬ್ಬಿ ಒಡೆಯಿತು, ನಾಣ್ಯಕ್ಕೆ ಏನೂ ಆಗಲಿಲ್ಲ. ಅದರ ಮೇಲಿನ ಹೆಣ್ಣುಮುಖದ ಕೆನ್ನೆಯಲ್ಲಿದ್ದ ಹಳೇ ಗಾಯದ ಗುರುತು ಕಾಣುವಂತೆ ಫೋಟೋ ತೆಗೆಸಿ, ಡಬ್ಬಿಯೊಳಗಿದ್ದ "ತೊಳೆದದ್ದು" ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡಳು.

ಚಳಿಗಾಲ ಕಳೆಯುವ ಹೊತ್ತಿಗೆ ಉತ್ತರ ಬಂತು. ಎಪ್ಪತ್ತಕ್ಕೆ ಅರವತ್ತಮೂರು. ತೊಳೆದ ಮಾತೇ ಇಲ್ಲ.

ವಿಷಯ ತಿಳಿದ ಭಾವ ಕುಣಿದಾಡಿದ. "ಅರವತ್ಮೂರು! ಗೆದ್ವಿ ಕಣೇ ಲೆನೋರ್!"

"ಗೆದ್ವಾ? ನಾನು ಮುಟ್ಟಿಲ್ಲ ಅಂತ ನಿಂಗೆ ಮೊದ್ಲೇ ಹೇಳಿದ್ದೆ. ನಂಬಲಿಲ್ಲ. ಮುಖ ಕಾಣದ ಯಾವನೋ ಬರೆದ ಚೀಟಿ ನಂಬಿದೆ. ಈಗ ಅವನೇ ಬೇರೆ ಚೀಟಿ ಬರೆದ, ಅದನ್ನೂ ನಂಬ್ತಿದ್ದೀಯ. ನಾಳೆ ಇನ್ನೊಂದು ಬರೆದ್ರೆ?"



ಕೊಲಂಬಸ್ ನಗರದ ನಾಣ್ಯ ಮೇಳಕ್ಕೆ ನಾವು ಮೂವರೂ ಹೋದೆವು. ಆ ಕಂಪನಿಯ ಮೇಜೂ ಅಲ್ಲಿತ್ತು. ಅಕ್ಕ ಹಳೇ ಚೀಟಿ, ಹೊಸ ಡಬ್ಬಿ, ಫೋಟೋ ಮೂರನ್ನೂ ಅಲ್ಲಿಟ್ಟಳು. ಟೈ ಕಟ್ಟಿದ್ದ ಮನುಷ್ಯ ಭೂತಗನ್ನಡಿಯಿಂದ ಕೆನ್ನೆಯ ಗುರುತನ್ನು ಬಹಳ ಹೊತ್ತು ನೋಡಿದ.

"ನಾಣ್ಯ ಒಂದೇ ಮೇಡಂ. ಆದ್ರೆ ದರ್ಜೆ ಅನ್ನೋದು ಬರೀ ಒಂದು ಅಭಿಪ್ರಾಯ. ಒಬ್ಬೊಬ್ಬರ ಕಣ್ಣು ಒಂದೊಂದು ಥರ."

"ಅಭಿಪ್ರಾಯಾನಾ? ಹಾಗಾದ್ರೆ 'ನಮಗೆ ಹಾಗನ್ನಿಸ್ತು' ಅಂತ ಬರೀಬೇಕಿತ್ತು. 'ತೊಳೆದದ್ದು' ಅಂತ ಬರೆದ್ರೆ ತೊಳೆದವರು ಯಾರು ಅಂತ ಮನೇಲಿ ಹುಡುಕ್ತಾರೆ ಕಣಯ್ಯಾ!"

"ಮುಂದಿನ ನಾಣ್ಯ ಉಚಿತವಾಗಿ ಪರೀಕ್ಷೆ ಮಾಡಿಕೊಡ್ತೀವಿ."

"ನಿಮ್ಮ ಉಚಿತ ನೀವೇ ಇಟ್ಕೊಳ್ಳಿ. ತಪ್ಪಾಯ್ತು ಅನ್ನಿ, ಸಾಕು."

ಅವನು ಅನ್ನಲಿಲ್ಲ. ಕಂಪನಿಯ ನಿಯಮ ಅದಕ್ಕೆ ಒಪ್ಪುವುದಿಲ್ಲವಂತೆ. ಆಗ ಹಿಂದೆ ನಿಂತಿದ್ದ ಭಾವ ಮುಂದೆ ಬಂದ. ಸುತ್ತ ಸೇರಿದ್ದ ಜನರಲ್ಲಿ ನಮ್ಮ ಸಂಘದವರೂ, ಡೆಲ್ಬರ್ಟನೂ ಇದ್ದರು.

"ಇವರು ಅನ್ನದಿದ್ರೆ ಬೇಡ," ಎಂದ ಭಾವ ಎಲ್ಲರಿಗೂ ಕೇಳುವಂತೆ. "ನಾನಂತೀನಿ. ಲೆನೋರ್ ನಾಣ್ಯ ಮುಟ್ಟಿರಲಿಲ್ಲ. ಅವಳು ಹೇಳಿದಾಗಲೇ ನಾನು ನಂಬಬೇಕಿತ್ತು. ತಪ್ಪು ನಂದು."

ಡೆಲ್ಬರ್ಟ್ ಟೋಪಿ ತೆಗೆದು, "ನಂದೂ ತಪ್ಪಾಯ್ತು ತಾಯಿ," ಎಂದ.

ಅಕ್ಕ ಮೇಜಿನ ಮೇಲಿದ್ದದ್ದನ್ನೆಲ್ಲ ಬಾಚಿಕೊಂಡು ಹೊರಟಳು. ಹೆದ್ದಾರಿಯಲ್ಲಿ ಅರ್ಧ ದಾರಿಯವರೆಗೂ ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ ಭಾವನ ಕಡೆ ತಿರುಗಿ, "ಎಲ್ಲಾದ್ರೂ ನಿಲ್ಸು ವೆಂಡೆಲ್, ಹೊಟ್ಟೆ ಹಸೀತಿದೆ," ಎಂದಳು. ಭಾವ ತಕ್ಷಣ ಪಕ್ಕದ ದಾರಿಗೆ ಕಾರು ತಿರುಗಿಸಿದ.